ಮನೆ ಮುಂದೆ ಗಾಡಿ ನಿಲ್ಲಿಸಿ ಹತ್ತಿ ತೂಗುವವರ ಕಾಟಾ ನಂಬಬೇಡಿ

ರಾಯಚೂರು, ದೇವದುರ್ಗ, ಮಾನ್ವಿ ಕಡೆ ಹತ್ತಿ ಬೆಳೆದವರು ಇದನ್ನು ಪೂರ್ತಿ ಓದಿ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ. ನಮ್ಮ ಮನೆ ಮುಂದೆ, ನಮ್ಮ ಕಣ್ಣೆದುರಿಗೆ ಒಂದೂವರೆ ಕ್ವಿಂಟಲ್ ಹತ್ತಿ ನುಂಗಿದರು.

ಬೆಂಬಲ ಬೆಲೆಗೆ ಹತ್ತಿ ಕೊಳ್ಳೋ ಸರ್ಕಾರದ ಸಿಸಿಐಗೆ (ಭಾರತೀಯ ಹತ್ತಿ ನಿಗಮ) ಯಾಕೆ ಹಾಕಲಿಲ್ಲ ಅಂತ ಕೇಳಬೇಡಿ. 2025-26ಕ್ಕೆ ಉದ್ದ ಎಳೆ ಹತ್ತಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,110 ರೂಪಾಯಿ ಅಂತ ನನಗೂ ಗೊತ್ತು. ಅಲ್ಲಿ ಪಹಣಿ ಬೇಕು, ಕಪಾಸ್ ಕಿಸಾನ್ ಆ್ಯಪ್‌ನಲ್ಲಿ ಹೆಸರು ಹಾಕಿ ಸ್ಲಾಟ್ ಹಿಡಿಯಬೇಕು, ತೇವಾಂಶ ಶೇ 12 ದಾಟಿದರೆ ತಗೊಳ್ಳಲ್ಲ. ನಾನು ಮಾಡುವ ಹೊಲದಲ್ಲಿ ಅರ್ಧ ಲೀಜಿನದು. ಪಹಣಿ ಬೇರೆಯವರ ಹೆಸರಲ್ಲಿದೆ. ಗೊಬ್ಬರದಂಗಡಿ ಸಾಲ ಬೇರೆ.

ಊರಿಗೆ ಬರೋ ದಲ್ಲಾಳಿಗಳೆಲ್ಲ 6,800 ಅಂದರೆ ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿದ ಇವನು 7,000 ಅಂದ. ಜಾಸ್ತಿ ರೇಟು ಯಾಕೆ ಅಂತ ಆಮೇಲೆ ಗೊತ್ತಾಯ್ತು.

ಚೀಲ ತುಂಬಿ ಕಾಟಾ ಮೇಲೆ ಇಟ್ಟರು. 41, 40, 41... ಮೇಲಿಂದ ಚೀಲದ ತೂಕ ಅಂತ ಒಂದೊಂದು ಕೆಜಿ ಮುರಿದರು. ಕೊನೆಗೆ 10 ಕ್ವಿಂಟಲ್ ಚಿಲ್ಲರೆ ಅಂದ. ನಮ್ಮ ಮನೆಯವಳು ಒಳಗಿಂದ ಪುಸ್ತಕ ತಂದಳು. ಹತ್ತಿ ಬಿಡಿಸೋರಿಗೆ ಕೆಜಿ ಲೆಕ್ಕದಲ್ಲೇ ಕೂಲಿ ಅಲ್ವಾ, ದಿನಾ ಸಂಜೆ ತೂಗಿ ಬರೆದಿಟ್ಟಿದ್ದಳು. 11 ಕ್ವಿಂಟಲ್ 60 ಕೆಜಿಗೆ ಕೂಲಿ ಕೊಟ್ಟಿದ್ದೇವೆ!

"ಒಣಗಿದಂಗ ತೂಕ ಇಳಿತದ್ರಿ ಅಕ್ಕಾರ" ಅಂದ. ಇಳಿಯುತ್ತೆ, ಇಲ್ಲ ಅನ್ನಲ್ಲ. ಆದರೆ ಇಷ್ಟಾ?

ಒಡೆಯದ ಯೂರಿಯಾ ಚೀಲ ತಂದು ಇಟ್ಟೆ. 45 ಕೆಜಿ ಚೀಲ, ಸರಿಯಾಗಿ 45 ತೋರಿಸಿತು. "ಈಗೇನಂತೀರಿ?" ಅಂತ ನಕ್ಕ. ನೋಡ್ತಾ ನಿಂತಿದ್ದ ಊರವರೂ ನಕ್ಕರು. ನನ್ನ ಮುಖ ಎಲ್ಲಿಡಬೇಕು ಗೊತ್ತಾಗಲಿಲ್ಲ.

ಆಗ ನನ್ನ ಮಗ ಸುಮ್ನೆ ಯೂರಿಯಾ ಇಳಿಸಿ, ಗಾಡಿಗೆ ಇನ್ನೂ ಏರಿಸದೇ ಇದ್ದ ಕೊನೆ ಚೀಲವನ್ನೇ ಮತ್ತೆ ಇಟ್ಟ. ಚೀಟಿಯಲ್ಲಿ 41 ಅಂತ ಬರೆದಿದ್ದ ಚೀಲ. ಈಗ 46! ಅದೇ ಚೀಲ, ಅದೇ ಕಾಟಾ, ಅದೇ ಜಾಗ. ತೂಗುವಾಗೆಲ್ಲ ಜೇಬಲ್ಲಿ ಕೈ ಇಟ್ಟು ನಿಂತಿದ್ದ ಅವರ ಹುಡುಗ ಆ ಹೊತ್ತಿಗೆ ಗಾಡಿ ಮೇಲೇರಿ ಹಗ್ಗ ಕಟ್ಟುತ್ತಿದ್ದ. ಜೇಬಲ್ಲಿ ಕಾಟಾದ ತೂಕ ಕಮ್ಮಿ ತೋರಿಸೋ ರಿಮೋಟ್ ಇತ್ತು ಅಂತ ನಾನು ಆಣೆ ಮಾಡಿ ಹೇಳಲಾರೆ. ನೀವೇ ಯೋಚನೆ ಮಾಡಿ.

ಅವನ ಉತ್ತರ ಕೇಳಿ. ಮೊದಲು "ಬ್ಯಾಟರಿ ಡೌನ್ ಆಗ್ಯಾದ" ಅಂದ. ಆಮೇಲೆ "ನಿಮ್ಮ ಅಂಗಳ ಸಪಾಟ ಇಲ್ಲ" ಅಂದ. ನಮ್ಮ ಅಂಗಳವಂತೆ! ಎಲ್ಲಾ ಚೀಲ ಇಳಿಸಿ ಮತ್ತೆ ತೂಗು ಅಂದರೆ, "ಇಳಿಸ್ಕೊಳ್ರಿ, ಹಮಾಲಿ ನೀವ ಕೊಡ್ರಿ. ಆಮ್ಯಾಲ ನಾ ತಗೋಳಂಗಿಲ್ಲ" ಅಂದ. ಮಾತಿಗೆ ಮಾತು ಬೆಳೆಯಿತು. ನಾಳೆ ಲೆಕ್ಕ ಸರಿ ಮಾಡ್ತೀನಿ ಅಂತ ಚೀಟಿ ಪ್ರಕಾರ ದುಡ್ಡು ಕೈಗಿಟ್ಟು ಹೊರಟ.

ಮರುದಿನ ಫೋನ್ ಮಾಡಿದೆ. "ಚೀಟಿ ಮ್ಯಾಲ ನನ್ನ ಹೆಸರ ಅದ ಏನ್ರಿ?" ಅಂದ. ನೋಡಿದರೆ ಬರೀ ಬಿಳಿ ಚೀಟಿ, ಒಳಗೆ ಅಂಕಿ ಮಾತ್ರ. ಹೆಸರಿಲ್ಲ, ಲೈಸೆನ್ಸ್ ನಂಬರ್ ಇಲ್ಲ. ಆಮೇಲೆ ಫೋನ್ ಎತ್ತೇ ಇಲ್ಲ. ಹತ್ತು ಸಾವಿರಕ್ಕೂ ಜಾಸ್ತಿ ಹೋಯ್ತು. ಜೂನ್‌ನಿಂದ ಬಿತ್ತಿ, ಕಳೆ ತೆಗೆದು, ಔಷಧಿ ಹೊಡೆದು ಬೆಳೆದದ್ದು!

ಮನೆ ಹತ್ತಿರ ತೂಗಿಸೋದಾದರೆ ಒಂದೇ ಚೀಲ ನಡುನಡುವೆ ಎರಡು ಸಲ ಇಡಿಸಿ, ಹೇಳದೇ ಇಡಿಸಿ. ಯೂರಿಯಾ ಚೀಲದ ಪರೀಕ್ಷೆ ಅವರಿಗೆ ಗೊತ್ತು, ಅದೊಂದನ್ನೇ ನಂಬಬೇಡಿ. ಕಾಟಾ ಮೇಲೆ ತೂಕ ಮತ್ತು ಅಳತೆ ಇಲಾಖೆಯ ಈ ವರ್ಷದ ಮುದ್ರೆ ಇದೆಯಾ ನೋಡಿ. ಗಾಡಿ ನಂಬರ್ ಫೋಟೊ ತೆಗೆದುಕೊಳ್ಳಿ. ಸಾಧ್ಯವಾದರೆ ರಾಯಚೂರು ಎಪಿಎಂಸಿಗೇ ಒಯ್ಯಿರಿ, ಬಾಡಿಗೆ ಹೋದರೂ ಹೋಗಲಿ. ಅಲ್ಲೂ ಬಿಳಿ ಚೀಟಿ ಕೊಟ್ಟರೆ ಬೇಡ ಅನ್ನಿ, ಅಂಗಡಿ ಹೆಸರಿರೋ ತಕ್ ಪಟ್ಟಿ, ಅಂದರೆ ತೂಕ-ರೇಟಿನ ಪಕ್ಕಾ ಬಿಲ್ ಕೇಳಿ.

ಅದೇ ಗಾಡಿ ಈಗ ಸಿರವಾರ ಕಡೆ ತಿರುಗುತ್ತಿದೆ ಅಂತ ಕೇಳಿದೆ. ರೇಟು ಈಗಲೂ ಎಲ್ಲರಿಗಿಂತ ಇನ್ನೂರು ಜಾಸ್ತಿನೇ ಹೇಳ್ತಿದ್ದಾನಂತೆ.