ಕಾಸರಗೋಡಿನಲ್ಲಿ ಹಾಕಿಸಿದ ಅಟ್ಟೆ, ಫೈಯಾಲ್ ದ್ವೀಪದ ಬೂದಿಯ ಮೇಲೆ

ಕಾಸರಗೋಡು ಹಳೆ ಬಸ್ ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ ಕಡೆಗೆ ನಡೆಯುವಾಗ ಒಂದು ಓಣಿಯ ಬಾಯಲ್ಲಿ, ನೀಲಿ ಟಾರ್ಪಾಲಿನ ಕೆಳಗೆ, ಚಪ್ಪಲಿ ಹೊಲಿಯುವ ಒಂದು ಪುಟ್ಟ ಅಂಗಡಿ ಇದೆ. ಬೋರ್ಡಿಲ್ಲ. ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಕೇಳಿದರೂ ಅದರಲ್ಲೇ ಉತ್ತರ ಬರುತ್ತದೆ. ಈ ವರ್ಷ ಮಾರ್ಚಿನಲ್ಲಿ ಅಲ್ಲಿ ನನ್ನ ಬೂಟಿಗೆ ಹೊಸ ಅಟ್ಟೆ ಹಾಕಿಸಿದೆ. ಆ ಅಟ್ಟೆ ಎಲ್ಲೆಲ್ಲಿ ನಡೆಯಿತು ಅಂತ ಹೇಳದೆ ಈ ಅಂಗಡಿಯ ಬಗ್ಗೆ ಬರೆಯಲು ನನಗೆ ಆಗುವುದಿಲ್ಲ.

ನಾನು ಕುಂಬಳೆಯವನು. ಹಾಯಿದೋಣಿಗಳಲ್ಲಿ ಅಡುಗೆ ಮತ್ತು ಡೆಕ್ ಕೆಲಸ ಮಾಡುತ್ತೇನೆ. ಆರು ವರ್ಷದ ಹಿಂದೆ 7,200 ರೂಪಾಯಿ ಕೊಟ್ಟು ಬೆಟ್ಟ ಹತ್ತುವ ಬೂಟು ತಗೊಂಡಿದ್ದೆ. ಡೆಕ್ ಮೇಲೆ ಬೂಟು ಹಾಕುವ ಹಾಗಿಲ್ಲ, ಹಾಗಾಗಿ ಅದು ಜಾಸ್ತಿ ದಿನ ಮಂಚದ ಅಡಿಯಲ್ಲೇ ಇತ್ತು. ಮಾರ್ಚಿನಲ್ಲಿ ಹೊರತೆಗೆದಾಗ ಮೇಲಿನ ಚರ್ಮ ಹೊಸದರ ಹಾಗೇ ಇದೆ, ಅಟ್ಟೆ ಮಾತ್ರ ರಸ್ಕ್ ತರ ಕೈಯಲ್ಲೇ ಪುಡಿಯಾಯಿತು. ಅಂಗಡಿಯವರು ನೋಡಿದ ಕೂಡಲೇ ಕೇಳಿದರು, "ಹಾಕದೆ ಇಟ್ಟಿದ್ರಿ ಅಲ್ವಾ?"

ಇದು ತುಂಬಾ ಜನರಿಗೆ ಗೊತ್ತಿಲ್ಲ. ಇಂಥ ಬೂಟುಗಳ ನಡುವಿನ ಮೆತ್ತನೆ ಪದರ ಹೆಚ್ಚಾಗಿ ಪಾಲಿಯುರೇಥೇನ್. ಗಾಳಿಯ ತೇವ ಒಳಗೆ ಹೋಗಿ ಅದನ್ನು ನಿಧಾನಕ್ಕೆ ಒಡೆಯುತ್ತದೆ. ನಮ್ಮ ಕರಾವಳಿಯ ಮಳೆಗಾಲ ಅದಕ್ಕೆ ಹೇಳಿ ಮಾಡಿಸಿದ ಹಾಗೆ. ಬೂಟನ್ನು ಆಗಾಗ ಹಾಕಿ ನಡೆದರೆ ಜಾಸ್ತಿ ಬಾಳುತ್ತದೆ, ಮುಚ್ಚಿಟ್ಟರೆ ಬೇಗ ಹೋಗುತ್ತದೆ.

ಅವರು ಹಳೆಯದನ್ನೆಲ್ಲ ಕೆರೆದು ತೆಗೆದರು. ದಪ್ಪ ರಬ್ಬರ್ ಶೀಟು ಕೊಯ್ದು, ಎರಡು ಕಡೆ ಅಂಟು ಸವರಿ, ಒಣಗಲು ಬಿಟ್ಟು, ಬಿಸಿ ಮಾಡಿ ಒತ್ತಿದರು. ಇಷ್ಟು ಎಲ್ಲರೂ ಮಾಡುತ್ತಾರೆ. ಇವರು ಅದರ ಮೇಲೆ ಸುತ್ತಲೂ ಮೇಣ ತಿಕ್ಕಿದ ನೈಲಾನ್ ದಾರದಲ್ಲಿ ಕೈಹೊಲಿಗೆ ಹಾಕಿದರು. ಹೊಲಿಗೆ ಸವೆಯದಿರಲಿ ಅಂತ ಅಟ್ಟೆಯಲ್ಲಿ ಸಣ್ಣ ಗೀರು ಕೊರೆದು, ದಾರವನ್ನು ಅದರೊಳಗೆ ಕೂರಿಸಿದರು. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ನೋಡಿದೆ. ಒಂದು ಬೂಟಿನ ಹೊಲಿಗೆಗೇ ಒಂದು ಗಂಟೆ ಹಿಡಿಯಿತು.

ಮೇ ತಿಂಗಳಲ್ಲಿ ನಾವು ಐದು ಜನ ಕೆರಿಬಿಯನ್ನಿನ ಆಂಟಿಗುವಾದಿಂದ ಹಾಯಿ ಬಿಚ್ಚಿದೆವು. ಹದಿನೇಳು ದಿನ ಬರೀ ನೀರು. ಹದಿನೆಂಟನೆಯ ಬೆಳಿಗ್ಗೆ ಮೋಡದ ಮೇಲೆ ಒಂದು ಚೂಪು ತುದಿ ಕಂಡಿತು. ಅದು ಪೀಕು, 2,351 ಮೀಟರ್, ಇಡೀ ಪೋರ್ಚುಗಲ್‌ಗೆ ಎತ್ತರದ ಬೆಟ್ಟ. ಅದರ ಎದುರಿನ ದ್ವೀಪವೇ ಫೈಯಾಲ್. ಅಟ್ಲಾಂಟಿಕ್ ನಡುವೆ ಇರುವ, ಪೋರ್ಚುಗಲ್‌ಗೆ ಸೇರಿದ ಅಜೋರ್ಸ್‌ನ ಒಂಬತ್ತು ದ್ವೀಪಗಳಲ್ಲಿ ಒಂದು. ಅಟ್ಲಾಂಟಿಕ್ ದಾಟುವ ಹಾಯಿದೋಣಿಗಳು ದಣಿವಾರಿಸಿಕೊಳ್ಳುವುದು ಅಲ್ಲಿಯ ಓರ್ತಾ ಬಂದರಿನಲ್ಲಿ. ಬಂದ ದೋಣಿಯವರು ಕಟ್ಟೆಯ ಗೋಡೆಗೆ ತಮ್ಮ ದೋಣಿಯ ಚಿತ್ರ ಬರೆಯಬೇಕು. ಬರೆಯದೆ ಹೋದರೆ ಕೇಡು ಅಂತ ನಂಬಿಕೆ. ನಾವೂ ಬರೆದೆವು. ನಮ್ಮ ದೋಣಿಯ ಹೆಸರಿನ ಕೆಳಗೆ ನಾನು ಕನ್ನಡದಲ್ಲಿ "ಕುಂಬಳೆ" ಅಂತ ಬರೆದೆ. ಕೈ ನಡುಗಿತು. ಹದಿನೇಳು ದಿನ ಅಲೆಯ ಮೇಲಿದ್ದವನಿಗೆ ನೆಲವೇ ತೂಗಿದ ಹಾಗೆ ಆಗುತ್ತದೆ.

ನಮಗೆ ಸಿಕ್ಕಿದ್ದು ಒಂದೇ ದಿನದ ರಜೆ. ದ್ವೀಪದ ನಡುವಿನ ಕ್ಯಾಲ್ಡೇರಾ, ಅಂದರೆ ಜ್ವಾಲಾಮುಖಿಯ ತಲೆ ಕುಸಿದು ಆದ ದೊಡ್ಡ ಗುಂಡಿ, ಅಲ್ಲಿಂದ ಪಶ್ಚಿಮದ ಕಪೆಲಿನ್ಯೂಶ್‌ವರೆಗೆ "ಹತ್ತು ಜ್ವಾಲಾಮುಖಿ" ಅನ್ನುವ ಕಾಲುದಾರಿ ಇದೆ, ಸುಮಾರು 20 ಕಿ.ಮೀ. ಟ್ಯಾಕ್ಸಿಯಲ್ಲಿ ಮೇಲೆ ಹೋಗಿ ಕ್ಯಾಲ್ಡೇರಾ ಇಣುಕಿದೆವು. ಸುಮಾರು 2 ಕಿ.ಮೀ. ಅಗಲ, 400 ಮೀಟರ್ ಆಳದ ಹಸಿರು ಬಾಣಲೆ. ಮಂಜು ಬಂದು ಎರಡೇ ನಿಮಿಷದಲ್ಲಿ ಮುಚ್ಚಿಬಿಟ್ಟಿತು. ಅಲ್ಲಿಂದ ಟ್ಯಾಕ್ಸಿಯಲ್ಲೇ ಇಳಿದು, ದಾರಿಯ ಕೊನೆಯ ಭಾಗ ಮಾತ್ರ ನಡೆದೆವು.

ಮೊದಲು ಕಾಡು. ಜರಿಗಿಡ, ಪಾಚಿ, ಒದ್ದೆ ಮಣ್ಣು. ಮಡಿಕೇರಿ ಕಡೆ ಹೋದ ಹಾಗೇ ಇತ್ತು. ಆಮೇಲೆ ಹಸಿರು ಒಮ್ಮೆಗೇ ನಿಂತುಹೋಗಿ ಬೂದು ಬಣ್ಣದ ಗುಡ್ಡ ಎದುರಾಯಿತು. ಗಿಡವಿಲ್ಲ, ನೆರಳಿಲ್ಲ. ಕಾಲ ಕೆಳಗೆ ಕರಿ ಬೂದಿ, ಅದರಲ್ಲಿ ತೂತು ತೂತಿನ ಹಗುರ ಕಲ್ಲು. ನನಗೆ ಕೂಡಲೇ ನಮ್ಮ ಊರಿನ ಕೆಂಪು ಮುರಕಲ್ಲು ನೆನಪಾಯಿತು. ತೂತು ಎರಡಕ್ಕೂ ಇದೆ, ಹುಟ್ಟು ಮಾತ್ರ ಬೇರೆ. ಇಲ್ಲಿಯದು ಕರಗಿದ ಕಲ್ಲಿನೊಳಗೆ ಗ್ಯಾಸಿನ ಗುಳ್ಳೆ ಎದ್ದು ಆದ ತೂತು. ನಮ್ಮದು ಲಕ್ಷಾಂತರ ಮಳೆಗಾಲ ತೊಳೆದು, ಕಬ್ಬಿಣ ಉಳಿದು ಆದದ್ದು. ಮುರಕಲ್ಲಿನ ಮೇಲೆ ಬರಿಗಾಲಲ್ಲಿ ಓಡಿ ಬೆಳೆದವನು ನಾನು. ಈ ಕಲ್ಲಿನ ಮೇಲೆ ಆಗದು. ಅಂಚು ಗಾಜಿನ ಚೂರಿನ ಹಾಗೆ.

ಆ ನೆಲ ನನ್ನ ಅಪ್ಪನಿಗಿಂತ ಚಿಕ್ಕದು. 1957ರ ಸೆಪ್ಟೆಂಬರ್ 27ರಂದು ದಡದಿಂದ ಸ್ವಲ್ಪ ದೂರದಲ್ಲಿ ಸಮುದ್ರ ಕುದಿಯಲು ಶುರುವಾಯಿತು. ಕೆಳಗಿನಿಂದ ಬಂದ ಕರಗಿದ ಕಲ್ಲಿಗೆ ನೀರು ತಾಗಿ ಸಿಡಿದು, ಹಬೆ ಮತ್ತು ಬೂದಿಯ ಕಂಬ ಎದ್ದಿತು. ಕೊನೆಗೆ ಬೂದಿಯೇ ನೀರನ್ನು ತಡೆದು, ಲಾವಾ ಚಿಮ್ಮಿತು. ಹದಿಮೂರು ತಿಂಗಳು, 1958ರ ಅಕ್ಟೋಬರ್ 24ರವರೆಗೆ. ಸಮುದ್ರದಲ್ಲಿ ಸುಮಾರು 2.4 ಚದರ ಕಿ.ಮೀ. ಹೊಸ ನೆಲ ಎದ್ದು ದ್ವೀಪಕ್ಕೆ ಅಂಟಿಕೊಂಡಿತು. ಜಾಸ್ತಿ ಭಾಗವನ್ನು ಅಲೆಗಳು ಮತ್ತೆ ತಿಂದಿವೆ. ಮೊದಲು ಸಮುದ್ರದ ಅಂಚಿನಲ್ಲಿದ್ದ ದೀಪಸ್ತಂಭ ಈಗ ಒಳಗೆ ನಿಂತಿದೆ. ಅದರ ಕೆಳಗಿನ ಅಂತಸ್ತು ಬೂದಿಯಲ್ಲಿ ಹೂತಿದೆ. 2008ರಲ್ಲಿ ತೆರೆದ ಮ್ಯೂಸಿಯಂ ಕೂಡ ನೆಲದೊಳಗೇ ಇದೆ, ಹೊರಗಿನ ನೋಟ ಕೆಡಬಾರದು ಅಂತ. ಬೂದಿ ಭಾರಕ್ಕೆ ಮನೆಗಳ ಛಾವಣಿ ಕುಸಿದು, ಹೊಲ ಮುಚ್ಚಿ, ಸಾವಿರಾರು ಜನ ಅಮೆರಿಕಕ್ಕೆ ಹೋದರು. ಅವರಿಗಾಗಿಯೇ 1958ರಲ್ಲಿ ಅಲ್ಲಿ ಕಾನೂನು ಮಾಡಿದರು. ಆಗ ಸೆನೆಟರ್ ಆಗಿದ್ದ ಜಾನ್ ಎಫ್. ಕೆನಡಿ ಅದಕ್ಕೆ ದುಡಿದವರಲ್ಲಿ ಒಬ್ಬರು. ಮನೆಗೊಬ್ಬರನ್ನು ಗಲ್ಫಿಗೆ ಕಳಿಸಿದ ಊರಿನವನು ನಾನು. ಮ್ಯೂಸಿಯಂನಲ್ಲಿ ಹಾಗೆ ಊರು ಬಿಟ್ಟವರ ಫೋಟೋಗಳ ಎದುರು ಬಹಳ ಹೊತ್ತು ನಿಂತೆ.

ಇನ್ನು ಅಟ್ಟೆಯ ವಿಷಯ. ಬೂದಿ ಗುಡ್ಡದಲ್ಲಿ ಇಳಿಯುವಾಗ ಒಂದೊಂದು ಹೆಜ್ಜೆಗೂ ಕಾಲು ಹೂತು ಜಾರುತ್ತದೆ. ಕಲ್ಲಿನ ಅಂಚು ಅಟ್ಟೆಯ ಪಕ್ಕಕ್ಕೇ ಉಜ್ಜುತ್ತದೆ. ಹೊಲಿಗೆ ಇರುವ ಜಾಗವೂ ಅದೇ. ನಮ್ಮ ಜೊತೆಯ ಒಬ್ಬನ ದುಬಾರಿ ಬೂಟು ಅಲ್ಲೇ ಬಾಯಿ ಬಿಟ್ಟಿತು. ಅವನದು ಬರೀ ಅಂಟಿನ ಅಟ್ಟೆ. ಜೇಬಿನಲ್ಲಿದ್ದ ಹಗ್ಗದಲ್ಲಿ ಸುತ್ತಿ, ರೀಫ್ ಗಂಟು ಹಾಕಿ ಟ್ಯಾಕ್ಸಿವರೆಗೆ ನಡೆಸಿದೆವು. ನನ್ನದರಲ್ಲಿ ಒಂದು ದಾರವೂ ಕಿತ್ತಿರಲಿಲ್ಲ. ಗೀರಿನೊಳಗೆ ಇಳಿಸಿದ ಹೊಲಿಗೆಯ ಬೆಲೆ ಆವತ್ತು ಗೊತ್ತಾಯಿತು. ಅಟ್ಟೆಯ ರಬ್ಬರಿಗೂ ಜ್ವಾಲಾಮುಖಿಗೂ ಹೆಸರಿನ ನಂಟೂ ಇದೆ. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡುವುದಕ್ಕೆ ವಲ್ಕನೈಸಿಂಗ್ ಅನ್ನುತ್ತಾರೆ. ನಮ್ಮ ಟಯರ್ ಅಂಗಡಿಗಳ ಬೋರ್ಡಿನಲ್ಲೆಲ್ಲ ಆ ಮಾತಿದೆ. ರೋಮನ್ನರ ಬೆಂಕಿ ದೇವರು ವಲ್ಕನ್‌ನಿಂದ ಬಂದದ್ದು. ವಾಲ್ಕೆನೊ ಅನ್ನುವುದೂ ಅವನ ಹೆಸರೇ.

ಕೊರತೆಯೂ ಹೇಳಬೇಕು. ಎರಡು ದಿನ ಅಂದವರು ನಾಲ್ಕು ದಿನ ತಗೊಂಡರು. ಬೂಟು ಮೊದಲಿಗಿಂತ ಭಾರವಾಗಿದೆ, ಹಿಮ್ಮಡಿಯ ಮೆತ್ತನೆ ಕಡಿಮೆಯಾಗಿದೆ. ಸಂಜೆ ಹೊತ್ತಿಗೆ ಮಂಡಿ ನೋವು ಬಂತು. ಕರಿ ರಬ್ಬರು ತೇಗದ ಡೆಕ್ ಮೇಲೆ ಗೆರೆ ಬೀಳಿಸುತ್ತದೆ. ದೋಣಿಗೆ ಬೇಕಾದ, ಗುರುತು ಬೀಳದ ಬಿಳಿ ರಬ್ಬರು ಇವರ ಹತ್ತಿರ ಇಲ್ಲ. ಬೂದಿಯ ಕಣವೂ ಡೆಕ್ ಕೆರೆಯುತ್ತದೆ. ಹಾಗಾಗಿ ನಾಯಕ ನಮ್ಮೆಲ್ಲರ ಬೂಟನ್ನೂ ಕಟ್ಟೆಯ ಮೇಲೇ ಬ್ರಷ್ ಹಾಕಿ ತೊಳೆಸಿದರು.

ಜುಲೈಯಲ್ಲಿ ಊರಿಗೆ ಬಂದ ಮೇಲೆ ಬೂಟು ತಗೊಂಡು ಅಂಗಡಿಗೆ ಹೋದೆ. ಅವರು ತಿರುಗಿಸಿ ನೋಡಿ, ಉಳಿಯ ತುದಿಯಿಂದ ಹೊಲಿಗೆಯ ಗೀರಿನಲ್ಲಿ ಸಿಕ್ಕಿದ್ದ ಕರಿ ಕಣ ಒಂದನ್ನು ಎಬ್ಬಿಸಿದರು. ಇದು ನಮ್ಮ ಹೊಯಿಗೆ ಅಲ್ಲ ಅಂದರು. ನಾನು ಕತೆ ಹೇಳಿದೆ. ಆ ಕಣವನ್ನು ಮೊಳೆ ಇಡುವ ಡಬ್ಬಿಯ ಮುಚ್ಚಳದಲ್ಲಿ ಇಟ್ಟುಕೊಂಡರು.

ಎರಡೂ ಬೂಟಿಗೆ ಸೇರಿ 650 ರೂಪಾಯಿ ತಗೊಂಡಿದ್ದರು. ಮಳೆಗಾಲದಲ್ಲಿ ಸಂಜೆ ಐದಕ್ಕೇ ಮುಚ್ಚುತ್ತಾರೆ. ಬೂಟನ್ನು ತೊಳೆದು, ಚೆನ್ನಾಗಿ ಒಣಗಿಸಿಯೇ ಕೊಡಿ, ಒದ್ದೆ ಇದ್ದರೆ ಅಂಟು ಹಿಡಿಯುವುದಿಲ್ಲ. ಹೊಲಿಗೆ ಬೇಕು ಅಂತ ಮೊದಲೇ ಹೇಳಿ. ಕೇಳದಿದ್ದರೆ ಅವರೂ ಬರೀ ಅಂಟು ಹಾಕಿ ಕೊಡುತ್ತಾರೆ.