ಗುಡಾರ, ಕಡಲತೀರ, ಸೋಫಾ, ರೇಡಿಯೋ: ಹುಲ್ಲಿನ ಟೆನಿಸ್ ನೋಡುವ ನಾಲ್ಕು ದಾರಿ

ಅಕ್ಕನ ಮನೆ ಲಂಡನ್ನಿನ ಪಶ್ಚಿಮಕ್ಕೆ, ಹೌನ್‌ಸ್ಲೋದಲ್ಲಿದೆ. ಅದೊಂದೇ ಕಾರಣಕ್ಕೆ, ಮೇ ತಿಂಗಳು ಬಂದರೆ ಸಾಕು, ಮೈಸೂರಿನಲ್ಲಿರುವ ನನ್ನ ಪರಿಚಯದ ಟೆನಿಸ್ ಹುಚ್ಚರೆಲ್ಲ ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ: ಇಂಗ್ಲೆಂಡಿಗೆ ಹೋಗುತ್ತಿದ್ದೇವೆ, ವಿಂಬಲ್ಡನ್ನಿನ ಆ ಹೆಸರಾಂತ ಟಿಕೆಟ್ ಸಾಲಿನಲ್ಲಿ ನಿಲ್ಲಬಹುದೇ? ನಿಲ್ಲಿ, ಆದರೆ ಟೆನಿಸ್ ನೋಡುವ ಆಸೆಯೂ ಇದ್ದರೆ ಅದಕ್ಕೆ ನಾಲ್ಕು ದಿನ ಮೊದಲು, ಇಂಗ್ಲೆಂಡಿನ ದಕ್ಷಿಣ ಕಡಲತೀರದ ಈಸ್ಟ್‌ಬೋರ್ನಿನ ಟೂರ್ನಿಗೆ ಹೋಗಿ ಬನ್ನಿ ಎನ್ನುತ್ತೇನೆ. ಈ ಉತ್ತರ ಯಾರಿಗೂ ಹಿಡಿಸುವುದಿಲ್ಲ.

ಹುಲ್ಲಿನ ಟೆನಿಸ್ ಎಂದರೆ ಫ್ರೆಂಚ್ ಓಪನ್ ಮುಗಿದ ಮರುದಿನದಿಂದ ವಿಂಬಲ್ಡನ್ ಫೈನಲ್‌ವರೆಗೆ ಐದೇ ವಾರ. 2015ಕ್ಕಿಂತ ಮೊದಲು ಅದರಲ್ಲಿಯೂ ಒಂದು ವಾರ ಕಡಿಮೆ ಇತ್ತು. ಸ್ಟುಟ್‌ಗಾರ್ಟ್, ಲಂಡನ್ನಿನ ಕ್ವೀನ್ಸ್ ಕ್ಲಬ್, ಜರ್ಮನಿಯ ಹಾಲೆ, ಈಸ್ಟ್‌ಬೋರ್ನ್, ಮಯೋರ್ಕಾ ಎಂದು ಆಟಗಾರರು ಸರಸರನೆ ಸುತ್ತಿ ವಿಂಬಲ್ಡನ್ನಿಗೆ ಬಂದು ಸೇರುತ್ತಾರೆ. ಆಮೇಲೆ ಅಮೆರಿಕದ ನ್ಯೂಪೋರ್ಟಿನಲ್ಲಿ 2024ರವರೆಗೆ ಒಂದು ಬಾಲಂಗೋಚಿ ಇತ್ತು. ಲಿಯಾಂಡರ್ ಪೇಸ್ ಎಟಿಪಿ (ಪುರುಷರ ವೃತ್ತಿಪರ ಟೆನಿಸ್) ಮಟ್ಟದಲ್ಲಿ ತಮ್ಮ ಏಕೈಕ ಸಿಂಗಲ್ಸ್ ಪ್ರಶಸ್ತಿ ಗೆದ್ದದ್ದು ಅಲ್ಲಿಯೇ, 1998ರಲ್ಲಿ. ಅದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಉಳಿದ ಐದು ವಾರಗಳನ್ನು ನಾನು ನಾಲ್ಕು ಬಗೆಯಲ್ಲಿ ಕಳೆದು ನೋಡಿದ್ದೇನೆ. ಅವುಗಳಲ್ಲಿ ಎರಡು 2024ರ ಒಂದೇ ಪ್ರವಾಸದಲ್ಲಿ ಕೈಗೂಡಿದ್ದರಿಂದ ಹೋಲಿಸುವುದು ಸುಲಭವಾಯಿತು.

ಜೂನ್ 26, ಬುಧವಾರ. ವಿಕ್ಟೋರಿಯಾ ನಿಲ್ದಾಣದಿಂದ ಒಂದೂವರೆ ಗಂಟೆಯ ರೈಲು. ಇಳಿದು ಸ್ವಲ್ಪ ನಡೆದರೆ ಡೆವನ್‌ಶೈರ್ ಪಾರ್ಕ್, ಅದನ್ನು ದಾಟಿದರೆ ಸಮುದ್ರ. ಹೊರಗಿನ ಅಂಕಣವೊಂದರ ಪಕ್ಕದಲ್ಲಿ, ಗೆರೆಯಿಂದ ನಾಲ್ಕು ಮಾರು ದೂರದಲ್ಲಿ, ನನಗೊಂದು ಬೆಂಚು ಸಿಕ್ಕಿತು. ಆಡುತ್ತಿದ್ದವರು ಡಬಲ್ಸ್ ಜೋಡಿಗಳು. ನಾಲ್ವರಲ್ಲಿ ಇಬ್ಬರ ಹೆಸರು ನನಗೆ ಗೊತ್ತಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಇಪ್ಪತ್ತು ವರ್ಷದಿಂದ ಟಿ.ವಿ.ಯಲ್ಲಿ ಹುಲ್ಲಿನ ಟೆನಿಸ್ ನೋಡುತ್ತ ಬಂದವನಿಗೆ ಮೊದಲ ಐದು ನಿಮಿಷದಲ್ಲಿಯೇ ಅರ್ಥವಾದದ್ದು, ನಾನು ಇಷ್ಟು ದಿನ ನೋಡಿದ್ದು ಹುಲ್ಲನ್ನಲ್ಲ, ಹಸಿರು ಬಣ್ಣವನ್ನು ಎಂದು.

ಸ್ಲೈಸ್ ಮಾಡಿದ, ಎಂದರೆ ಅಡಿಯನ್ನು ಕೆರೆದಂತೆ ಹೊಡೆದ, ಚೆಂಡು ನೆಟ್ ದಾಟಿ ಬಂತು. ನೆಲಕ್ಕೆ ತಾಗಿದ ಮೇಲೆ ಏಳಬೇಕಲ್ಲ, ಏಳಲಿಲ್ಲ. ಕಾದ ಕಾವಲಿಯ ಮೇಲೆ ನೀರಹನಿ ಓಡಿದ ಹಾಗೆ ಜಾರಿಕೊಂಡು ಹೋಯಿತು. ಅದನ್ನು ಎತ್ತಲು ಹೋದ ಆಟಗಾರನ ಬಲಮೊಣಕಾಲು ನೆಲಕ್ಕೆ ಉಜ್ಜಿತು. ಆತ ಎದ್ದು ನಿಂತಾಗ ಚರ್ಮದ ಮೇಲೆ ಹಸಿರು ಗೀಟು. ಆಟ ಮುಗಿಯುವ ಹೊತ್ತಿಗೆ ಆ ಗೀಟುಗಳು ಮೂರಾಗಿದ್ದವು, ನಾನು ಎಣಿಸಿದ್ದೇನೆ. ಟಿ.ವಿ.ಯ ಕ್ಯಾಮೆರಾ ಅಂಕಣದ ಹಿಂದೆ ಎತ್ತರದಲ್ಲಿ ಕೂತಿರುತ್ತದೆ. ಅಲ್ಲಿಂದ ಕೆಳಗೆ ನೋಡುವ ಕಣ್ಣಿಗೆ ಚೆಂಡು ಮೊಣಕಾಲೆತ್ತರ ಪುಟಿಯಿತೋ ಸೊಂಟದೆತ್ತರವೋ ತಿಳಿಯುವುದೇ ಇಲ್ಲ. ಹುಲ್ಲಿನ ಅಂಕಣದ ಗುಟ್ಟೆಲ್ಲ ಇರುವುದು ಆ ಒಂದು ಗೇಣಿನ ವ್ಯತ್ಯಾಸದಲ್ಲಿ.

ಇನ್ನೊಂದು ಅಚ್ಚರಿ ಸದ್ದು. ಹಾರ್ಡ್‌ಕೋರ್ಟಿನಲ್ಲಿ ಬೂಟುಗಳು ಕೀಚುತ್ತಲೇ ಇರುತ್ತವೆ. ಹುಲ್ಲಿನ ಮೇಲೆ ಆಟಗಾರರು ಬೆಕ್ಕಿನಂತೆ ಓಡುತ್ತಾರೆ, ಚೆಂಡು ನೆಲಕ್ಕೆ ಬಿದ್ದ ಸದ್ದೂ ಅಷ್ಟಕ್ಕಷ್ಟೆ. ಕೇಳುವುದು ರಾಕೆಟ್ಟಿನ ಪೆಟ್ಟು, ಉಸಿರು, ಈಸ್ಟ್‌ಬೋರ್ನಿನಲ್ಲಿ ಅದರ ಜೊತೆಗೆ ಕಡಲಹಕ್ಕಿಗಳ ಕಿರುಚಾಟ. ಕಡಲ ಗಾಳಿಗೆ ಸರ್ವ್ ಮಾಡಲು ಎಸೆದ ಚೆಂಡು ಓರೆಯಾಗಿ, ಕ್ಷಮಿಸಿ ಎಂದು ಕೈಯೆತ್ತಿ ಮತ್ತೆ ಎಸೆಯುವ ದೃಶ್ಯ ಎಷ್ಟು ಸಲ ಕಂಡೆನೋ.

ನಾನು ಈ ಡಬಲ್ಸ್‌ನಲ್ಲಿ ಮುಳುಗಿದ್ದ ದಿನವೇ ಅದೇ ಪಾರ್ಕಿನ ಸೆಂಟರ್ ಕೋರ್ಟಿನಲ್ಲಿ ಬ್ರಿಟನ್ನಿನ ಎಮ್ಮಾ ರಾಡುಕಾನು ಅಮೆರಿಕದ ಜೆಸ್ಸಿಕಾ ಪೆಗುಲಾರನ್ನು ಮೂರು ಸೆಟ್‌ಗಳಲ್ಲಿ ಸೋಲಿಸಿದರು. ಮೊದಲ ಹತ್ತು ಸ್ಥಾನದೊಳಗಿನ ಆಟಗಾರ್ತಿಯ ಎದುರು ಅವರಿಗೆ ಅದು ಮೊದಲ ಗೆಲುವು. ಗೋಡೆಯಾಚೆಯಿಂದ ಬಂದ ಕೂಗಿಗೆ ನಮ್ಮ ಅಂಕಣದವರೂ ಒಂದು ಕ್ಷಣ ಸರ್ವ್ ನಿಲ್ಲಿಸಿ ಕಾದರು. ಹೋಗಿ ನೋಡಬಹುದಿತ್ತು ಎಂದು ಸಂಜೆ ಅಕ್ಕ ಬೈದಳು. ಮೂರನೆಯ ಗೀಟು ಬಿಟ್ಟು ಹೋಗುವುದು ಹೇಗೆ?

ಈಸ್ಟ್‌ಬೋರ್ನಿನ ಕೊರತೆಯೂ ಇದೆ. ಶನಿವಾರ ಇಲ್ಲಿ ಫೈನಲ್ ಆಡಿದವರು ಮುಂದಿನ ವಾರದ ಆರಂಭದಲ್ಲಿಯೇ ವಿಂಬಲ್ಡನ್ನಿನಲ್ಲಿ ಇಳಿಯಬೇಕು. ಹೀಗಾಗಿ ಅತಿ ದೊಡ್ಡ ಹೆಸರುಗಳು ಕಡಿಮೆ, ಬಂದವರಲ್ಲಿಯೂ ಕೆಲವರು ಕಾಲುನೋವು, ಬೆನ್ನುನೋವು ಎಂದು ನಡುವೆ ಹಿಂದೆ ಸರಿಯುತ್ತಾರೆ. ಅಲ್ಕರಾಜ್, ಸಿನ್ನರ್ ನೋಡಲೇಬೇಕು ಎನ್ನುವವರು ಒಂದು ವಾರ ಮೊದಲು ಕ್ವೀನ್ಸ್‌ಗೋ ಹಾಲೆಗೋ ಟಿಕೆಟ್ ತೆಗೆಯುವುದು ಮೇಲು.

ಇನ್ನು ಗುಡಾರದ ಕಥೆ. ವಿಂಬಲ್ಡನ್ನಿನ ಮುಂಗಡ ಟಿಕೆಟ್ಟಿಗೆ ಲಾಟರಿ ಇದೆ. ಎರಡು ವರ್ಷ ಅಕ್ಕನ ಹೆಸರಿನಲ್ಲಿ ಹಾಕಿದೆವು, ಬರಲಿಲ್ಲ. ಹಾಗಾಗಿ ಜೂನ್ 30ರ ಭಾನುವಾರ ಸಂಜೆ ಭಾವನ ಹಳೆಯ ಗುಡಾರ ಹೊತ್ತು ಸೌತ್‌ಫೀಲ್ಡ್ಸ್ ನಿಲ್ದಾಣದಲ್ಲಿ ಇಳಿದೆ. ಬೆನ್ನಚೀಲದಲ್ಲಿ ಅಕ್ಕ ಕಟ್ಟಿಕೊಟ್ಟ ಪುಳಿಯೋಗರೆ. (ವಿಂಬಲ್ಡನ್ನಿನೊಳಗೆ ಮನೆಯ ಬುತ್ತಿ ಒಯ್ಯಲು ಅಡ್ಡಿಯಿಲ್ಲ. ನಮ್ಮ ಕ್ರಿಕೆಟ್ ಮೈದಾನಗಳು ಇದೊಂದನ್ನು ಕಲಿತರೆ ಎಷ್ಟು ಚೆನ್ನ.) ಪಾರ್ಕಿನ ಹುಲ್ಲಿನ ಮೇಲೆ ಗುಡಾರಗಳ ಸಾಲು. ಸೇರಿದೊಡನೆ ಸಂಖ್ಯೆ ಬರೆದ ಚೀಟಿ ಕೊಟ್ಟರು. ಸೆಂಟರ್ ಕೋರ್ಟ್, ಒಂದನೆಯ ಮತ್ತು ಎರಡನೆಯ ಕೋರ್ಟ್‌ಗಳಿಗೆ ತಲಾ ಸುಮಾರು 500 ಟಿಕೆಟ್ ಈ ಸಾಲಿನವರಿಗೆ ಮೀಸಲು. ನನ್ನ ಸಂಖ್ಯೆ ಎರಡು ಸಾವಿರದ ಮೇಲಿತ್ತು. ಲೆಕ್ಕ ಅಲ್ಲಿಗೆ ಮುಗಿಯಿತು: ರಾತ್ರಿಯೆಲ್ಲ ಮಲಗಿದರೂ ನನಗೆ ಸಿಗುವುದು ಹೊರಗಿನ ಅಂಕಣಗಳ ಪ್ರವೇಶ ಮಾತ್ರ, 30 ಪೌಂಡ್.

ಆದರೆ ಆ ಸಂಜೆಯನ್ನು ನಾನು ಯಾವ ಟಿಕೆಟ್ಟಿಗೂ ಬದಲಿಸಿಕೊಳ್ಳುವುದಿಲ್ಲ. ಹಿಂದಿನ ದಿನವಷ್ಟೇ ಬಾರ್ಬಡೋಸಿನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಿತ್ತು, ಅದಕ್ಕೆ ಎರಡು ದಿನ ಮೊದಲು ಸೆಮಿಫೈನಲ್‌ನಲ್ಲಿ ಇಂಗ್ಲೆಂಡನ್ನು ಮನೆಗೆ ಕಳುಹಿಸಿತ್ತು. ನನ್ನ ಪಕ್ಕದ ಗುಡಾರದ ಅಜ್ಜಿ ಮಡಚುವ ಕುರ್ಚಿಯಲ್ಲಿ ಕೂತು, ಕ್ರಿಕೆಟ್ ನೀವು ಇಟ್ಟುಕೊಳ್ಳಿ, ಇವತ್ತು ಫುಟ್‌ಬಾಲ್ ಇದೆ ಎಂದರು. ಯೂರೊ ಕಪ್‌ನಲ್ಲಿ ಸ್ಲೊವಾಕಿಯಾ ಎದುರು ಇಂಗ್ಲೆಂಡ್ ಸೋಲುವ ಹಂತದಲ್ಲಿತ್ತು. ಪ್ರತಿ ಗುಡಾರದ ಬಾಯಲ್ಲಿ ಒಂದೊಂದು ಮೊಬೈಲ್ ಮಿನುಗುತ್ತಿತ್ತು. ಕೊನೆಯ ಗಳಿಗೆಯಲ್ಲಿ ಬೆಲಿಂಗ್‌ಹ್ಯಾಮ್ ಹಿಮ್ಮುಖವಾಗಿ ಹಾರಿ ಒದ್ದ ಗೋಲಿಗೆ ಪಾರ್ಕ್ ಪೂರ್ತಿ ಎದ್ದು ನಿಂತಿತು. ಅಜ್ಜಿ ನನ್ನ ಪುಳಿಯೋಗರೆಯಲ್ಲಿ ಪಾಲು ಕೇಳಿದ್ದು ಆ ಸಂತೋಷಕ್ಕೋ ಏನೋ. ಕಡಲೆಬೀಜ ಆರಿಸಿ ಆರಿಸಿ ತಿಂದರು.

ಬೆಳಿಗ್ಗೆ ನಸುಕಿನಲ್ಲಿಯೇ ಎಬ್ಬಿಸುತ್ತಾರೆ. ಇಬ್ಬನಿಯಲ್ಲಿ ತೊಯ್ದ ಗುಡಾರ ಮಡಚಿ, ಸಾಮಾನು ಒಪ್ಪಿಸುವ ಕೊಠಡಿಗೆ ಕೊಟ್ಟು, ಮತ್ತೆ ನಿಂತು, ಇಷ್ಟಿಷ್ಟೇ ಸರಿದು, ಒಳಗೆ ಹೋಗಿ ನಮ್ಮ ಸುಮಿತ್ ನಾಗಲ್ ಆಡುತ್ತಿದ್ದ ಹೊರಗಿನ ಅಂಕಣಕ್ಕೆ ಓಡಿದೆ. ಅಲ್ಲಿಯೂ ಸಾಲು. ಸೆರ್ಬಿಯಾದ ಕೆಕ್ಮಾನೊವಿಚ್ ಎದುರು ನಾಗಲ್ ಎರಡನೆಯ ಸೆಟ್ ಗೆದ್ದಾಗ ನನಗೆ ಕಂಡದ್ದು ಎರಡು ಟೋಪಿಗಳ ನಡುವಿನ ಸಂದಿಯಲ್ಲಿ ಅವರ ಎಡಭುಜ. ನಾಲ್ಕು ಸೆಟ್‌ಗಳಲ್ಲಿ ಸೋತರು. ಆಮೇಲೆ ದಿಬ್ಬದ ಮೇಲೆ ಹೋಗಿ ಕೂತೆ. ದೊಡ್ಡ ಪರದೆಯ ಮೇಲೆ ಸೆಂಟರ್ ಕೋರ್ಟಿನ ಆಟ. ಯಾರು ಆಡುತ್ತಿದ್ದರು ಗೊತ್ತೇ? ರಾಡುಕಾನು. ಈಸ್ಟ್‌ಬೋರ್ನಿನಲ್ಲಿ ಗೋಡೆಯಾಚೆ ಬಿಟ್ಟು ಬಂದವರನ್ನು, ಒಂದು ರಾತ್ರಿ ನೆಲದ ಮೇಲೆ ಮಲಗಿ, ಮೂರು ಸಾವಿರ ರೂಪಾಯಿಗೂ ಹೆಚ್ಚು ಕೊಟ್ಟು, ಟಿ.ವಿ.ಯಲ್ಲಿ ನೋಡಿದೆ. ಮೈಸೂರಿನಿಂದ ಸುಮಾರು 8,000 ಕಿಲೋಮೀಟರ್ ಬಂದು.

ಹಾಗಾದರೆ ಮನೆಯ ಟಿ.ವಿ.ಯೇ ಸಾಕಲ್ಲವೇ ಎಂದು ಕೇಳಬಹುದು. 2025ರಲ್ಲಿ ಅದನ್ನೇ ಮಾಡಿದೆ. ಮೈಸೂರಿನವರ ದಿನಚರಿಗೆ ವಿಂಬಲ್ಡನ್ನಿನಷ್ಟು ಹೊಂದುವ ಗ್ರ್ಯಾಂಡ್‌ಸ್ಲಾಮ್ ಬೇರೆ ಇಲ್ಲ. ಹೊರಗಿನ ಅಂಕಣಗಳಲ್ಲಿ ಆಟ ನಮ್ಮ ಮಧ್ಯಾಹ್ನ ಮೂರೂವರೆಗೆ, ಸೆಂಟರ್ ಕೋರ್ಟಿನಲ್ಲಿ ಸಂಜೆ ಆರಕ್ಕೆ ಆರಂಭ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಹಸಿರು ಪರದೆ. ಆ ವರ್ಷ ಫೈನಲ್‌ಗಳು ರಾತ್ರಿ ಎಂಟೂವರೆಗೆ ಶುರುವಾದವು. ಮಹಿಳೆಯರ ಫೈನಲ್ಲನ್ನು ಶ್ವಿಯಾಂಟೆಕ್ ಅನಿಸಿಮೊವಾ ಎದುರು 6-0, 6-0ರಿಂದ 57 ನಿಮಿಷದಲ್ಲಿ ಮುಗಿಸಿದರು. ನಮ್ಮ ಮನೆಯಲ್ಲಿ ಊಟಕ್ಕೆ ತಟ್ಟೆ ಹಾಕುವುದೇ ಒಂಬತ್ತೂವರೆಗೆ, ಸಾರು ಬಿಸಿಮಾಡುವಷ್ಟರಲ್ಲಿ ಪ್ರಶಸ್ತಿ ಕೊಟ್ಟಾಗಿತ್ತು.

ಟಿ.ವಿ.ಗೆ ಮಾತ್ರ ಸಾಧ್ಯವಿರುವ ಒಂದು ಸಂಗತಿಯಿದೆ: ಹುಲ್ಲು ಸಾಯುವುದನ್ನು ನೋಡುವುದು. ಒಂದು ದಿನದ ಟಿಕೆಟ್ ಕೊಂಡವನಿಗೆ ಒಂದು ದಿನದ ಹುಲ್ಲು. ಮನೆಯಲ್ಲಿ ಕೂತವನು ಮೊದಲ ಸೋಮವಾರದ ಎಂಟು ಮಿಲಿಮೀಟರ್ ಎತ್ತರದ ಸಮ ಹಸಿರಿನಿಂದ ಎರಡನೆಯ ಭಾನುವಾರದ ಬರಿನೆಲದವರೆಗೆ ಎಲ್ಲವನ್ನೂ ನೋಡುತ್ತಾನೆ. ಬೇಸ್‌ಲೈನಿನ ಹಿಂದೆ ಮೊದಲು ಎರಡು ಹಳದಿ ಕಲೆ, ಆಮೇಲೆ ಕಂದು ಪಟ್ಟಿ, ಕೊನೆಗೆ ನಮ್ಮೂರ ಕಬಡ್ಡಿ ಮೈದಾನ. ಹಳೆಯ ಪಂದ್ಯಗಳ ಚಿತ್ರಗಳಲ್ಲಿ ನೆಟ್‌ನ ಕಡೆಗೂ ಸವೆದ ದಾರಿ ಕಾಣುತ್ತದೆ, ಸರ್ವ್ ಮಾಡಿ ಮುಂದಕ್ಕೆ ಓಡುವವರ ಕಾಲ ಅದು. 2001ರಿಂದ ವಿಂಬಲ್ಡನ್ ಪೂರ್ತಿ ರೈ ಎಂಬ ಜಾತಿಯ ಹುಲ್ಲಿಗೆ ಬದಲಾಯಿತು, ಪುಟಿತ ಮೊದಲಿಗಿಂತ ನಂಬುವಂತಾಯಿತು, ಆಟಗಾರರು ಹಿಂದೆಯೇ ನಿಂತರು. ಈಗ ನೆಟ್ ಹತ್ತಿರದ ಹುಲ್ಲು ಫೈನಲ್ ದಿನವೂ ಮದುಮಗನಂತೆ ಇರುತ್ತದೆ.

ಆದರೆ ಟಿ.ವಿ.ಯ ಪಕ್ಷಪಾತ ಸಣ್ಣದಲ್ಲ. ವಿಂಬಲ್ಡನ್ನಿಗಿಂತ ಮೊದಲಿನ ಮೂರು ವಾರಗಳ ಪಂದ್ಯಗಳನ್ನು ಹುಡುಕಿಕೊಂಡು ಒಂದು ಚಂದಾದಿಂದ ಇನ್ನೊಂದಕ್ಕೆ ಅಲೆಯಬೇಕು. ಡಬಲ್ಸ್ ಎಂದರೆ ಕೇಳುವುದೇ ಬೇಡ. 2023ರಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ರ ವಯಸ್ಸಿನಲ್ಲಿ ಆಸ್ಟ್ರೇಲಿಯಾದ ಎಬ್ಡೆನ್ ಜೊತೆ ವಿಂಬಲ್ಡನ್ ಸೆಮಿಫೈನಲ್ ಮುಟ್ಟಿದಾಗ ನಾನು ಅವರ ಹೆಚ್ಚಿನ ಪಂದ್ಯಗಳನ್ನು ಮೊಬೈಲಿನಲ್ಲಿ ಅಂಕಿ ಬದಲಾಗುವುದನ್ನು ದಿಟ್ಟಿಸುತ್ತ ಕಳೆದೆ. 15-30, 30-30, ಮತ್ತೆ ನಿಂತೇ ಹೋದ ಪರದೆ. ಅದೊಂದು ಐದನೆಯ ದಾರಿ ಎಂದು ನಾನು ಒಪ್ಪುವುದಿಲ್ಲ. ಅದು ಆಸ್ಪತ್ರೆಯ ವರಾಂಡದಲ್ಲಿ ಕಾಯುವ ಕೆಲಸ.

ರೇಡಿಯೋ ನನ್ನ ಕೈಗೆ ಸಿಕ್ಕಿದ್ದು ಜಗಳದಿಂದ. 2019ರ ಜುಲೈ 14 ಯಾರಿಗೆ ಮರೆತೀತು? ಲಾರ್ಡ್ಸ್‌ನಲ್ಲಿ ವಿಶ್ವಕಪ್ ಕ್ರಿಕೆಟ್ ಫೈನಲ್, ಅದೇ ಊರಿನ ಇನ್ನೊಂದು ಮೂಲೆಯಲ್ಲಿ ಫೆಡರರ್–ಜೊಕೊವಿಚ್. ನಮ್ಮ ಮನೆಯಲ್ಲಿ ರಿಮೋಟ್ ಅಪ್ಪನ ಕೈಯಲ್ಲಿತ್ತು. ನಾನು ಫೋನಿನಲ್ಲಿ ವಿಂಬಲ್ಡನ್ನಿನ ಉಚಿತ ರೇಡಿಯೋ ಹಾಕಿ, ಒಂದು ಕಿವಿಗೆ ತಂತಿ ಸಿಕ್ಕಿಸಿ, ಕಣ್ಣನ್ನು ಸ್ಟೋಕ್ಸ್‌ಗೆ ಒಪ್ಪಿಸಿದೆ. ಐದನೆಯ ಸೆಟ್‌ನಲ್ಲಿ 8-7, 40-15, ಫೆಡರರ್ ಸರ್ವ್. ಒಂದನ್ನು ಗೆದ್ದರೂ ಪ್ರಶಸ್ತಿ ಸಿಗುತ್ತಿದ್ದ ಎರಡು ಚಾಂಪಿಯನ್‌ಷಿಪ್ ಪಾಯಿಂಟ್‌ಗಳೂ ಕೈಜಾರಿದಾಗ ನಾನು ಅಯ್ಯೋ ಎಂದು ಕೂಗಿದೆ. ಅಪ್ಪ ಗಾಬರಿಯಾಗಿ, ಈಗ ವಿಕೆಟ್ ಬಿದ್ದಿಲ್ಲವಲ್ಲ ಎಂದರು.

ಆ ರಾತ್ರಿ ಗಮನಿಸಿದ್ದು, ಹುಲ್ಲಿನ ಟೆನಿಸ್ ಕಿವಿಗೆ ಎಷ್ಟು ಒಗ್ಗುತ್ತದೆ ಎಂಬುದನ್ನು. ಆವೆಮಣ್ಣಿನ ಅಂಕಣದಲ್ಲಿ ಚೆಂಡು ಇಪ್ಪತ್ತು ಸಲ ಹೋಗಿ ಬರುವಾಗ ವೀಕ್ಷಕ ವಿವರಣೆಗಾರನಿಗೆ ಉಸಿರು ಸಾಲುವುದಿಲ್ಲ, ಕೇಳುವವನಿಗೆ ದಿಕ್ಕು ತಪ್ಪುತ್ತದೆ. ಹುಲ್ಲಿನಲ್ಲಿ ಸರ್ವ್, ಮರುಹೊಡೆತ, ಇನ್ನೊಂದೆರಡು ಪೆಟ್ಟು, ಮುಗಿಯಿತು. ಒಂದು ವಾಕ್ಯದಲ್ಲಿ ಒಂದು ಪಾಯಿಂಟ್ ಹಿಡಿಸುತ್ತದೆ. ಆಕಾಶವಾಣಿಯ ಕ್ರಿಕೆಟ್ ವಿವರಣೆ ಕೇಳಿ ಬೆಳೆದ ನನ್ನಂಥವರಿಗೆ ಉಳಿದದ್ದನ್ನು ಕಲ್ಪಿಸಿಕೊಳ್ಳುವುದು ಹೊಸದೇನಲ್ಲ. ರಾತ್ರಿ ಹನ್ನೊಂದರ ನಂತರ ದೀಪ ಆರಿಸಿ, ಫೋನನ್ನು ದಿಂಬಿನ ಕೆಳಗಿಟ್ಟು ಕೇಳುವುದು ಈಗ ನನ್ನ ರೂಢಿ. ಆದರೆ 2025ರಿಂದ ಲೈನ್ ಅಂಪೈರ್‌ಗಳು ಇಲ್ಲ, ಯಂತ್ರದ ದನಿ 'ಔಟ್' ಎನ್ನುತ್ತದೆ. ಗಂಟಲು ಹರಿಯುವಂತೆ ಕೂಗುತ್ತಿದ್ದ ಮನುಷ್ಯರು ಹೋದದ್ದು ಟಿ.ವಿ.ಯಲ್ಲಿ ಅಷ್ಟು ತಿಳಿಯಲಿಲ್ಲ, ಕಿವಿಗೆ ತಿಳಿಯಿತು.

ರೇಡಿಯೋ ಸೋತದ್ದು ಒಮ್ಮೆ. ಅದೇ ವರ್ಷ ನಾಲ್ಕನೆಯ ಸುತ್ತಿನಲ್ಲಿ ಸಿನ್ನರ್ ವಿರುದ್ಧ ಡಿಮಿಟ್ರೊವ್ ಎರಡು ಸೆಟ್ ಮುಂದಿದ್ದರು. ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು. ಮೂರನೆಯ ಸೆಟ್ 2-2 ಇದ್ದಾಗ ಒಂದು ಸರ್ವ್ ಆದ ಮೇಲೆ ದಿಂಬಿನ ಕೆಳಗಿನ ಮಾತು ತಟ್ಟನೆ ನಿಂತಿತು. ಎದ್ದು ಹೋಗಿ, ಸದ್ದು ತಗ್ಗಿಸಿ ಟಿ.ವಿ. ಹಾಕಿದೆ. ಎದೆಯ ಬಲಭಾಗವನ್ನು ಹಿಡಿದು ಕೂತ ಡಿಮಿಟ್ರೊವ್, ನೆಟ್ ದಾಟಿ ಬಂದ ಸಿನ್ನರ್, ಸೋತವನ ಚೀಲವನ್ನು ಗೆದ್ದವನು ಹೊತ್ತು ನಡೆದದ್ದು. ಅದನ್ನು ಯಾರು ಬಾಯಲ್ಲಿ ಹೇಳಿಯಾರು?

ಒಂದು ಬೇಸಿಗೆಗೆ ಒಂದನ್ನೇ ಆರಿಸಿ ಎಂದರೆ ನನ್ನ ಮತ ಈಸ್ಟ್‌ಬೋರ್ನಿಗೆ, ಊರಲ್ಲೇ ಇರುವವರಿಗೆ ಸಂಜೆ ಟಿ.ವಿ., ರಾತ್ರಿ ರೇಡಿಯೋ. ಸಾಲು ಕಡೆಯದು. ಹೀಗೆಂದು ಕಳೆದ ಮೇ ತಿಂಗಳಲ್ಲಿ ಅಕ್ಕನಿಗೂ ಹೇಳಿ, ಆ ಗುಡಾರವನ್ನು ಯಾರಿಗಾದರೂ ಕೊಟ್ಟುಬಿಡು ಎಂದೆ. ಅಟ್ಟದಿಂದ ಇಳಿಸಿ ನೋಡಿದರೆ ಒಳಗಿನ ಜೇಬಿನಲ್ಲಿ ನನ್ನ ಸಾಲಿನ ಚೀಟಿ ಹಾಗೇ ಇತ್ತಂತೆ, ಅದರ ಮೇಲೆ ಪುಳಿಯೋಗರೆಯ ಎಣ್ಣೆಯ ಬೆರಳಚ್ಚು. ಅದು ನನ್ನದೋ ಆ ಅಜ್ಜಿಯದೋ ಗೊತ್ತಿಲ್ಲ. ಕೊಡಬೇಡ, ಮತ್ತೆ ಅಟ್ಟಕ್ಕೆ ಹಾಕು ಎಂದೆ.