ಬೈಕ್ ಹೊತ್ತೊಯ್ಯಲು ಯಾವ ಗಾಡಿ? ಓಮ್ನಿ, ಏಸ್, ಪಿಕಪ್, ಈಕೋ

ನನ್ನ ಹತ್ತಿರ ಎರಡು ಬೈಕ್ ಇವೆ. ಒಂದು ಅಪ್ಪನ ಕಾಲದ ಯಮಹಾ ಆರ್‌ಎಕ್ಸ್ 100. ಇನ್ನೊಂದು ಮಣ್ಣಿನ ರೇಸಿಗೆಂದೇ ಬಿಚ್ಚಿ ಕಟ್ಟಿದ ಹೀರೋ ಎಕ್ಸ್‌ಪಲ್ಸ್ 200. ಎಕ್ಸ್‌ಪಲ್ಸ್‌ಗೆ ಈಗ ಹೆಡ್‌ಲೈಟೂ ಇಲ್ಲ, ಇಂಡಿಕೇಟರೂ ಇಲ್ಲ. ರಸ್ತೆಗೆ ಇಳಿಸುವ ಹಾಗಿಲ್ಲ. ಗೋಣಿಕೊಪ್ಪಕ್ಕೆ ಹೋದರೂ ಮೈಸೂರಿಗೆ ಹೋದರೂ ಇನ್ನೊಂದು ಗಾಡಿಯ ಮೇಲೆ ಕೂತೇ ಹೋಗಬೇಕು. ರೈಲಿಗೆ ಹಾಕೋಣ ಅಂದರೆ ಕೊಡಗಿಗೆ ರೈಲೇ ಇಲ್ಲವಲ್ಲ.

ಕಳೆದ ಒಂದೂವರೆ ವರ್ಷದಲ್ಲಿ ನಾಲ್ಕು ಬಗೆಯ ಗಾಡಿಗೆ ಹತ್ತಿಸಿ ನೋಡಿದೆ. ದಾರಿ ಹೆಚ್ಚುಕಮ್ಮಿ ಒಂದೇ. ನಾಪೋಕ್ಲು ಕಡೆಯ ನಮ್ಮ ತೋಟದಿಂದ ಮೂರ್ನಾಡು, ಮಡಿಕೇರಿ, ಕುಶಾಲನಗರ, ಹುಣಸೂರು, ಆಮೇಲೆ ಮೈಸೂರು.

ಓಮ್ನಿ ಕಥೆ ಬೇಗ ಮುಗಿಯುತ್ತದೆ. ಮಾರುತಿ ಅದನ್ನು ಮಾಡುವುದು ನಿಲ್ಲಿಸಿದ್ದು 2019ರಲ್ಲಿ, ಆದರೆ ನಮ್ಮ ಮಾವನ ಓಮ್ನಿ ಇನ್ನೂ ಹಾಲು, ಗೊಬ್ಬರ, ನೆಂಟರು ಎಲ್ಲವನ್ನೂ ಹೊರುತ್ತಿದೆ. ಹಿಂದಿನ ಸೀಟು ಬಿಚ್ಚಿ, ಆರ್‌ಎಕ್ಸ್‌ನ ಮುಂದಿನ ಚಕ್ರ ತೆಗೆದು, ಮೂರು ಜನ ಸೇರಿ ತುರುಕಿದೆವು. ಹಿಂದಿನ ಬಾಗಿಲು ಹಾಕಲು ಆಗಲಿಲ್ಲ, ಹಗ್ಗದಲ್ಲಿ ಕಟ್ಟಿದೆವು. ಪೆಟ್ರೋಲ್ ಟ್ಯಾಂಕಿನ ನಲ್ಲಿ ಮುಚ್ಚಲು ಮರೆತಿದ್ದೆ. ಮೂರ್ನಾಡು ದಾಟುವಷ್ಟರಲ್ಲಿ ಕಾರ್ಬೊರೇಟರ್ ಸೋರಿ ಒಳಗೆಲ್ಲ ವಾಸನೆ, ತಲೆ ಸುತ್ತು. ಎಕ್ಸ್‌ಪಲ್ಸ್ ಹಾಕುವ ಯೋಚನೆಯನ್ನೇ ಮಾಡಲಿಲ್ಲ.

ಟಾಟಾ ಏಸ್ ಬಾಡಿಗೆಗೆ ಸುಲಭವಾಗಿ ಸಿಗುತ್ತದೆ, ಎಲ್ಲ ಪೇಟೆಯಲ್ಲೂ ಸಾಲಾಗಿ ನಿಂತಿರುತ್ತವೆ. ಬಾಡಿ ಏಳಡಿ ಚಿಲ್ಲರೆ ಉದ್ದ. ಎಕ್ಸ್‌ಪಲ್ಸ್ ಸುಮಾರು 2.2 ಮೀಟರ್, ಅಂದರೆ ಏಳೂ ಕಾಲು ಅಡಿ. ನೇರ ಇಟ್ಟರೆ ಹಿಂದಿನ ಬಾಗಿಲಿಗೆ ಟೈರ್ ಒತ್ತುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಇಟ್ಟರೆ ಆರಾಮಾಗಿ ಕೂರುತ್ತದೆ. ಆದರೆ ಓರೆ ಇಟ್ಟ ಬೈಕನ್ನು ಕಟ್ಟುವುದು ಕಷ್ಟ. ಎರಡು ಕಡೆಯ ಬೆಲ್ಟ್ ಒಂದೇ ಉದ್ದ ಬರುವುದಿಲ್ಲ, ಒಂದು ಕಡೆ ಜಾಸ್ತಿ ಎಳೆಯುತ್ತದೆ. ಪಕ್ಕದ ಹಲಗೆಯ ಎತ್ತರವೂ ಒಂದೇ ಅಡಿ. ಬಾಡಿಗೆಗೆ ಬಂದದ್ದು ಎರಡು ಸಿಲಿಂಡರಿನ ಹಳೇ ಡೀಸೆಲ್ ಗಾಡಿ. ವಾಪಸ್ ಬರುವಾಗ ಸುಂಟಿಕೊಪ್ಪದಿಂದ ಮಡಿಕೇರಿ ಏರನ್ನು ಅದರದ್ದೇ ಲಯದಲ್ಲಿ ಹತ್ತಿತು. ಅವಸರ ಇಲ್ಲದವರಿಗೆ ತೊಂದರೆ ಇಲ್ಲ. ವರ್ಷಕ್ಕೆ ಎರಡು ಸಲ ಮಾತ್ರ ಬೈಕ್ ಸಾಗಿಸುವವರು ಇಲ್ಲಿಗೇ ಓದು ನಿಲ್ಲಿಸಿ ಏಸ್ ಬಾಡಿಗೆಗೆ ಹಿಡಿಯಬಹುದು.

ಮೂರನೆಯದು ಭಾವನ ಬೊಲೆರೋ ಪಿಕಪ್. ನಿಜವಾದ ಪಾಠ ಕಲಿತದ್ದು ಇದರಲ್ಲೇ.

ಜಾಗಕ್ಕೆ ಕೊರತೆಯೇ ಇಲ್ಲ. ಎರಡು ಬೈಕ್ ಪಕ್ಕಪಕ್ಕ, ಒಂದರ ಮುಖ ಮುಂದೆ, ಇನ್ನೊಂದರದು ಹಿಂದೆ. ಹಾಗಿಟ್ಟರೆ ಹ್ಯಾಂಡಲ್‌ಗಳು ಒಂದಕ್ಕೊಂದು ತಾಗುವುದಿಲ್ಲ. ತೊಂದರೆ ಇರುವುದು ಎತ್ತರದಲ್ಲಿ. ಬಾಡಿ ನೆಲದಿಂದ ಎರಡೂವರೆ ಅಡಿಗಿಂತ ಕಮ್ಮಿ ಇಲ್ಲ. ಮನೆಯಲ್ಲಿದ್ದ ಸಿಲ್ವರ್ ಓಕ್ ಹಲಗೆ ಆರಡಿ. ಆ ಲೆಕ್ಕಕ್ಕೆ ಏರು 25 ಡಿಗ್ರಿ ಹತ್ತಿರ. ಎಂಟಡಿ ಹಲಗೆ ಆದರೆ 18ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಏಳು ಡಿಗ್ರಿ ಏನು ಮಹಾ ಅನಿಸುತ್ತದೆ, 160 ಕೆಜಿ ಹತ್ತಿರದ ಬೈಕ್ ತಳ್ಳುವಾಗ ಗೊತ್ತಾಗುತ್ತದೆ.

ಜುಲೈ ತಿಂಗಳು, ಹಲಗೆ ಒದ್ದೆ. ನಾನು ಬೈಕ್ ಮೇಲೆ ಕೂತೇ ಹತ್ತಿಸಲು ಹೋದೆ. "ಇಳಿದು ತಳ್ಳೋ, ಹಲಗೆ ಕಟ್ಟಿಲ್ಲ" ಅಂತ ಭಾವ ಹೇಳುತ್ತಲೇ ಇದ್ದರು. ಮುಂದಿನ ಚಕ್ರ ಬಾಡಿ ಮುಟ್ಟಿತು. ಹಿಂದಿನ ಚಕ್ರ ತಿರುಗಿ ಹಲಗೆಯನ್ನೇ ಹಿಂದಕ್ಕೆ ಒದೆಯಿತು. ಕಾಲು ಇಡೋಣ ಅಂದರೆ ನೆಲ ಎಲ್ಲೋ ಕೆಳಗೆ. ಬೈಕ್ ಸಮೇತ ಕಾಫಿ ಗಿಡದ ಬುಡಕ್ಕೆ ಬಿದ್ದೆ. ಕ್ಲಚ್ ಲಿವರ್ ಮುರಿಯಿತು, ಮೊಣಕೈ ಕಿತ್ತಿತು. ಎದ್ದು ನೋಡಿದರೆ ಕಾಲಲ್ಲಿ ಎರಡು ಜಿಗಣೆ ಬೇರೆ.

ಆಮೇಲಿಂದ ಹಲಗೆಯನ್ನು ಗಾಡಿಗೆ ಬೆಲ್ಟ್ ಹಾಕಿ ಬಿಗಿಯದೆ ಚಕ್ರ ಇಡುವುದಿಲ್ಲ. ಹಲಗೆ ಮೇಲೆ ಅಡ್ಡಪಟ್ಟಿ ಹೊಡೆದು ಕೋಳಿಗೂಡಿನ ಜಾಲರಿ ಮೊಳೆ ಹಾಕಿದ್ದೇನೆ. ಪಕ್ಕದಲ್ಲಿ ಇನ್ನೊಂದು ಹಲಗೆ, ಅದು ನಾನು ನಡೆಯಲು. ಬೈಕಿನ ಎಡಗಡೆ ನಿಂತು, ಫಸ್ಟ್ ಗೇರ್, ಅರ್ಧ ಕ್ಲಚ್, ಜೊತೆಗೆ ನಡೆಯುತ್ತಾ ಹೋಗುವುದು. ಹಿಂದೆ ಯಾರನ್ನೂ ನಿಲ್ಲಿಸುವುದಿಲ್ಲ.

ಇದಕ್ಕಿಂತ ಒಳ್ಳೆಯ ಉಪಾಯ ತೋರಿಸಿದ್ದು ತೋಟದಲ್ಲಿ ಕೆಲಸಕ್ಕೆ ಬರುವ ಅಣ್ಣ. "ಬರೆ ಇರುವಾಗ ಹಲಗೆ ಯಾಕೆ?" ಅಂದರು. ಬರೆ ಅಂದರೆ ನಮ್ಮ ಕಡೆ ಕಡಿದಾದ ಮಣ್ಣಿನ ದಿಣ್ಣೆ. ನಿಜ ಅಲ್ವಾ! ಕೊಡಗಿನಲ್ಲಿ ಸಮ ನೆಲ ಹುಡುಕುವುದೇ ಕಷ್ಟ, ಬರೆಗೇನು ಬರ? ನಮ್ಮ ಕಾಫಿ ಕಣದ ಅಂಚು ದಾರಿಗಿಂತ ಎರಡೂವರೆ ಅಡಿ ಮೇಲಿದೆ. ಪಿಕಪ್ ಅನ್ನು ರಿವರ್ಸ್ ತಂದು ಅಂಚಿಗೆ ತಾಗಿಸಿದರೆ ಬೈಕನ್ನು ಸುಮ್ನೆ ಉರುಳಿಸಿಕೊಂಡು ಹೋಗಬಹುದು. ಮೈಸೂರಿನಲ್ಲಿ ಇಳಿಸುವಾಗ ಮಾತ್ರ ಹಲಗೆ ಬೇಕು.

ಪಿಕಪ್‌ನ ಇನ್ನೊಂದು ಗುಣ ಅದರ ಪಟ್ಟಾ ಸ್ಪ್ರಿಂಗ್. ಟನ್‌ಗಟ್ಟಲೆ ಹೊರಲು ಮಾಡಿದ ಸ್ಪ್ರಿಂಗಿಗೆ ಒಂದು ಬೈಕ್ ಲೆಕ್ಕಕ್ಕೇ ಬರುವುದಿಲ್ಲ. ಮೂರ್ನಾಡಿನ ಗುಂಡಿಗಳಲ್ಲಿ ಹಿಂಭಾಗ ಕುಣಿಯುತ್ತದೆ, ಬೆಲ್ಟ್ ಸಡಿಲ ಆಗುತ್ತದೆ. ಎಂಟು ಚೀಲ ಕಾಫಿ, ಚೀಲಕ್ಕೆ 50 ಕೆಜಿ, ಜೊತೆಗೆ ಹೇರಿದ ದಿನ ಬೈಕ್ ಅಲುಗಾಡಲಿಲ್ಲ. ಮಳೆಗೆ ಟರ್ಪಾಲ್ ಹೊದಿಸಿದರೆ ಗಾಳಿಗೆ ಪಟಪಟ ಬಡಿದು ಟ್ಯಾಂಕಿನ ಬಣ್ಣ ಉಜ್ಜಿಹೋಗುತ್ತದೆ. ಒಳಗೆ ಹಳೇ ಕಂಬಳಿ ಹಾಕಬೇಕು.

ಕೊನೆಯದು ಮಾರುತಿಯ ಈಕೋ ಕಾರ್ಗೋ, ಮುಚ್ಚಿದ ವ್ಯಾನ್. ಸ್ನೇಹಿತರೊಬ್ಬರು ಒಂದು ವಾರಕ್ಕೆ ಕೊಟ್ಟರು. ನೆಲ ತಗ್ಗು. ಅದೇ ಆರಡಿ ಹಲಗೆ ಸಾಕು, ಒಬ್ಬನೇ ಹತ್ತಿಸಬಹುದು. ಆರ್‌ಎಕ್ಸ್ ಓರೆಯಾಗಿ ಹಾಗೆಯೇ ಕೂತಿತು. ಎಕ್ಸ್‌ಪಲ್ಸ್‌ಗೆ ಮುಂದಿನ ಚಕ್ರ ಬಿಚ್ಚಲೇಬೇಕು. ಆ 21 ಇಂಚಿನ ಚಕ್ರ ಹೋದರೆ ಉದ್ದವೂ ಎತ್ತರವೂ ಒಟ್ಟಿಗೆ ಕಮ್ಮಿ ಆಗುತ್ತದೆ. ಹಲಸಿನ ಮರದ ತುಂಡಿಗೆ ತೂತು ಕೊರೆದು ಆಕ್ಸಲ್ ತೂರಿಸಿದ್ದೇನೆ, ಮುಂದಿನ ಚಕ್ರ ಹಿಡಿಯುವ ಎರಡು ಕೊಳವೆ, ಅಂದರೆ ಫೋರ್ಕ್, ಅದರ ಮೇಲೆ ನಿಲ್ಲುತ್ತದೆ. ಚಕ್ರ ತೆಗೆದ ಮೇಲೆ ಬ್ರೇಕ್ ಪ್ಯಾಡ್‌ಗಳ ನಡುವೆ ರಟ್ಟಿನ ತುಂಡು ಇಡಿ. ತಪ್ಪಿ ಬ್ರೇಕ್ ಹಿಡಿದರೆ ಪ್ಯಾಡ್ ಹತ್ತಿರ ಬಂದುಬಿಡುತ್ತವೆ, ಆಮೇಲೆ ಡಿಸ್ಕ್ ಒಳಗೆ ಹೋಗುವುದಿಲ್ಲ.

ಬಿಚ್ಚಿ ಕಟ್ಟಲು ಕಾಲು ಗಂಟೆ. ಅಷ್ಟು ಬಿಟ್ಟರೆ ಸುಖ. ಮಳೆಯ ಚಿಂತೆ ಇಲ್ಲ, ರಾತ್ರಿ ಮೈಸೂರಿನಲ್ಲಿ ಬೀಗ ಹಾಕಿ ಮಲಗಬಹುದು. ಎಸ್ಟೇಟ್ ದಾರಿಯ ನಡುದಿಬ್ಬಕ್ಕೆ ಹೊಟ್ಟೆ ತಾಗುತ್ತದೆ, ಅದು ನಿಜ. ಹಿಂದಿನ ಚಕ್ರದಿಂದ ಓಡುವ ಗಾಡಿ ಆದ್ದರಿಂದ ಖಾಲಿ ಇದ್ದಾಗ ಕೆಸರಿನಲ್ಲಿ ಜಾರುತ್ತದೆ. ಬೈಕ್ ಹೇರಿದ ಮೇಲೆ ಹಿಡಿತ ಬರುತ್ತದೆ.

ಕಟ್ಟುವ ವಿಷಯ ನಾಲ್ಕೂ ಗಾಡಿಗೆ ಒಂದೇ. ಬೆಲ್ಟನ್ನು ಹ್ಯಾಂಡಲ್ ತುದಿಗೆ ಹಾಕಬೇಡಿ, ಹ್ಯಾಂಡಲ್ ಕೆಳಗೆ ಫೋರ್ಕ್ ಹಿಡಿದಿರುವ ಟಿ ಕ್ಲಾಂಪಿಗೆ ಹಾಕಿ. ಚಕ್ರ ಇದ್ದರೆ ಫೋರ್ಕ್ ಅರ್ಧ ಕೂರುವವರೆಗೆ ಬಿಗಿಯಿರಿ, ಪೂರ್ತಿ ಬೇಡ. ಪೂರ್ತಿ ಕೂರಿಸಿದರೆ ಗುಂಡಿಯ ಏಟೆಲ್ಲ ಫೋರ್ಕಿನ ಎಣ್ಣೆ ತಡೆಯುವ ಸೀಲ್ ಮೇಲೆ. ಸೈಡ್ ಸ್ಟ್ಯಾಂಡ್ ಮಡಚಿರಲಿ, ಬೈಕ್ ಗೇರಿನಲ್ಲಿರಲಿ. ನಾನು ಮಡಿಕೇರಿಯಲ್ಲಿ ಒಮ್ಮೆ, ಕುಶಾಲನಗರದಲ್ಲಿ ಒಮ್ಮೆ ನಿಲ್ಲಿಸಿ ಬೆಲ್ಟ್ ಮುಟ್ಟಿ ನೋಡುತ್ತೇನೆ.

ಹಳದಿ ಬೋರ್ಡ್ ಗಾಡಿಗೆ ಬೇರೆ ಲೈಸೆನ್ಸ್ ಬೇಕಾ ಅಂತ ಹಲವರು ಕೇಳುತ್ತಾರೆ. ಒಟ್ಟು ತೂಕ 7,500 ಕೆಜಿ ಮೀರದ ಗಾಡಿಗೆ ಎಲ್‌ಎಂವಿ (ಕಾರಿನಂಥ ಲಘು ವಾಹನದ) ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಇಲ್ಲಿ ಹೇಳಿದ ನಾಲ್ಕೂ ಆ ಮಿತಿಯೊಳಗೇ ಬರುತ್ತವೆ.

ನಾನು ಸೆಕೆಂಡ್ ಹ್ಯಾಂಡ್ ಈಕೋ ತೆಗೆದುಕೊಂಡೆ. ಭಾವನಿಗೆ ಇದು ಒಪ್ಪಿಗೆ ಇಲ್ಲ. "ಬೈಕ್ ಹಾಕಲು ಚಕ್ರ ಬಿಚ್ಚುವ ಗಾಡಿ ಒಂದು ಗಾಡಿಯಾ?" ಅಂತಾರೆ. ಅವರ ಮನೆ ಮುಂದೆ ಶೆಡ್ ಇದೆ, ಹೇರಲು ಕಾಫಿ ಚೀಲ ಇದೆ. ನನಗಿರುವುದು ಮಳೆ ಮತ್ತು ಒಂಟಿ ಕೈ. ಮುಂದಿನ ತಿಂಗಳು ಮಾತ್ರ ಎರಡು ಬೈಕನ್ನೂ ಒಟ್ಟಿಗೆ ಒಯ್ಯಬೇಕು. ಪಿಕಪ್ ಕೇಳಿದ್ದೇನೆ. ಡೀಸೆಲ್ ನಿನ್ನದು, ಹಲಗೆಯೂ ನಿನ್ನದೇ ಅಂದಿದ್ದಾರೆ.